ಹಾಲೋ ನೈಟ್: ಮೊದಲ ಸಲ ಕ್ರೆಡಿಟ್ಸ್ ಬಂದರೆ ಆಟ ಮುಗಿಯಿತು ಅಂದುಕೊಳ್ಳಬೇಡಿ

ಮಲೆನಾಡಿನ ಮಳೆಗಾಲಕ್ಕೆ ಹೇಳಿ ಮಾಡಿಸಿದ ಹಾಗಿರುವ ಆಟ ಹಾಲೋ ನೈಟ್. ಒಮ್ಮೆ ಡೌನ್‌ಲೋಡ್ ಆದರೆ ಇಂಟರ್ನೆಟ್ ಬೇಡ, ಹಳೇ ಲ್ಯಾಪ್‌ಟಾಪ್ ಸಾಕು. ಕೊನೆಯ ಬಾಸನ್ನು ಕೆಡವಿದಾಗ ಸಿಗುವ ತೃಪ್ತಿಯಂತೂ ಇದರಷ್ಟು ಗಟ್ಟಿಯಾಗಿ ಬೇರೆ ಆಟಗಳಲ್ಲಿ ಸಿಗುವುದು ಅಪರೂಪ. ಆಸ್ಟ್ರೇಲಿಯಾದ ಅಡಿಲೇಡ್‌ನ ಟೀಮ್ ಚೆರ್ರಿ ಎಂಬ ಪುಟ್ಟ ತಂಡ 2017ರ ಫೆಬ್ರವರಿಯಲ್ಲಿ ಬಿಟ್ಟ ಆಟ ಇದು. ಆಮೇಲೆ ಬಂದ ನಾಲ್ಕು ಸೇರ್ಪಡೆಗಳೂ ಉಚಿತ. 2025ರ ಸೆಪ್ಟೆಂಬರ್‌ನಲ್ಲಿ ಸಿಲ್ಕ್‌ಸಾಂಗ್ ಎಂಬ ಮುಂದಿನ ಭಾಗ ಬಂದಿದೆ ಅಂತ ನೇರ ಅದಕ್ಕೇ ಕೈ ಹಾಕಬೇಡಿ. ಇದನ್ನು ಮುಗಿಸಿಕೊಂಡು ಹೋಗಿ.

ಮುಗಿಸುವುದು ಅಂದರೆ ಏನು? ಮೂವರು ಡ್ರೀಮರ್‌ಗಳನ್ನು ಮುಗಿಸಿ, ಕಪ್ಪು ಮೊಟ್ಟೆಯ ಗುಡಿ ಹೊಕ್ಕು, ಒಳಗಿರುವ, ಹಾಲೋ ನೈಟ್ ಎಂಬ ಹೆಸರಿನ ಬಾಸನ್ನೇ ಬೀಳಿಸಿದರೆ ಕ್ರೆಡಿಟ್ಸ್ ಓಡುತ್ತದೆ. ಅಲ್ಲಿಗೆ ಆಟವನ್ನು ತೆಗೆದುಹಾಕಿದರೆ ಹಲಸಿನ ಹಣ್ಣಿನ ಮುಳ್ಳು ಸವರಿ, ತೊಳೆ ತಿನ್ನದೆ ಎದ್ದ ಹಾಗೆ. ನಿಜವಾದ ಎದುರಾಳಿ ರೇಡಿಯನ್ಸ್. ಅವಳು ತಾನಾಗಿ ಬರುವುದಿಲ್ಲ, ನಾವೇ ಹುಡುಕಿಕೊಂಡು ಹೋಗಬೇಕು.

ಬೇಕಾಗುವ ಕಂಪ್ಯೂಟರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 4 ಜಿಬಿ ರ‍್ಯಾಮ್, 9 ಜಿಬಿ ಜಾಗ, ಕೋರ್ 2 ಡ್ಯುಯೋ ಕಾಲದ ಪ್ರೊಸೆಸರ್ ಇದ್ದರೂ ಓಡುತ್ತದೆ. ಆದರೆ ಆಗುಂಬೆ, ಹೊಸನಗರದ ಕಡೆಯವರು ಕರೆಂಟಿನ ವಿಷಯ ಯೋಚಿಸಲೇಬೇಕು. ಆಟದೊಳಗಿನ ಬೆಂಚಿನ ಮೇಲೆ ಕೂತರೆ ಸೇವ್ ಆಗುತ್ತದೆ, ಮುಂದಿನ ಸಲ ಅಲ್ಲಿಂದಲೇ ಶುರು. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಸೇವ್ ಆಗುತ್ತಿರುವಾಗಲೇ ಆಫ್ ಆದರೆ ಫೈಲ್ ಕೆಡುವ ಅಪಾಯ ಇದೆ. ಆಪ್‌ಡೇಟಾ ಒಳಗೆ ಲೋಕಲ್‌ಲೋ, ಅದರೊಳಗೆ ಟೀಮ್ ಚೆರ್ರಿ, ಅದರೊಳಗೆ ಹಾಲೋ ನೈಟ್ ಫೋಲ್ಡರ್ ಇರುತ್ತದೆ. ಮೊದಲ ಸ್ಲಾಟಿನ ಆಟ ಅಲ್ಲಿ ಯೂಸರ್1.ಡ್ಯಾಟ್ ಹೆಸರಿನಲ್ಲಿ ಕೂತಿರುತ್ತದೆ. ವಾರಕ್ಕೊಮ್ಮೆ ಪೆನ್‌ಡ್ರೈವಿಗೆ ನಕಲು ಮಾಡಿಡಿ.

ಕೀಬೋರ್ಡಿನಲ್ಲಿ ಆಡುವವರಿಗೆ ಇನ್ನೊಂದು ತೊಡಕು ಕಾದಿದೆ. ಅಗ್ಗದ ಕೀಬೋರ್ಡ್‌ಗಳಲ್ಲಿ ಮೇಲಿನ ಬಾಣ, ಎಡ ಬಾಣ, ಹಾರುವ ಕೀ ಝಡ್ ಮೂರನ್ನೂ ಒಟ್ಟಿಗೆ ಒತ್ತಿದರೆ ಒಂದು ಕೀ ದಾಖಲಾಗದೇ ಹೋಗಬಹುದು. ಹಾರಲಿಲ್ಲ ಯಾಕೆ ಅಂತ ಕೈಯನ್ನು ಬೈದುಕೊಳ್ಳುವ ಮೊದಲು ನೋಟ್‌ಪ್ಯಾಡ್ ತೆರೆದು ಅಕ್ಷರದ ಕೀಗಳನ್ನು ಬಾಣಗಳ ಜೊತೆ ಒತ್ತಿ ನೋಡಿ. ತೊಂದರೆ ಕಂಡರೆ ಸೆಟ್ಟಿಂಗ್ಸ್‌ನಲ್ಲಿ ಕೀ ಬದಲಿಸಿಕೊಳ್ಳಿ. ಸ್ಪೆಲ್‌ಗೆ (ಮಂತ್ರದ ದಾಳಿಗೆ) ಎ ಕೀ ಬಳಸುವ ಅಭ್ಯಾಸ ಬಿಟ್ಟು ಎಫ್‌ಗೆ ಬನ್ನಿ. ಎ ಕೀಯಲ್ಲಿ ಗಾಯ ವಾಸಿ ಮಾಡುವುದೂ ಇದೆ, ಗಡಿಬಿಡಿಯಲ್ಲಿ ಎರಡೂ ಕಲಸಿಹೋಗುತ್ತವೆ.

ರೇಡಿಯನ್ಸ್ ತನಕದ ದಾರಿ ಹೀಗಿದೆ. ಕನಸುಗಳಿಂದ ಸಿಗುವ ಎಸೆನ್ಸ್ 1800 ಕೂಡಿಸಿ, ಕನಸಿನೊಳಗೆ ಹೊಗಿಸುವ ಆಯುಧ ಡ್ರೀಮ್ ನೇಲನ್ನು ಎಚ್ಚರಗೊಳಿಸಬೇಕು. ಆಮೇಲೆ ಎರಡು ತುಣುಕಾಗಿರುವ ಒಂದು ಚಾರ್ಮ್, ಅಂದರೆ ಶಕ್ತಿ ಕೊಡುವ ತಾಯಿತ, ಬೇಕು. ಒಂದು ಬಿಳಿ ತುಣುಕನ್ನು ಕ್ವೀನ್ಸ್ ಗಾರ್ಡನ್ಸ್‌ನ ರಾಣಿ ಕೊಡುತ್ತಾಳೆ, ಇನ್ನೊಂದು ವೈಟ್ ಪ್ಯಾಲೇಸ್‌ನ ತುದಿಯಲ್ಲಿದೆ. ಎರಡೂ ಕೂಡಿದ ಮೇಲೆ ಅಬಿಸ್‌ನ ತಳಕ್ಕೆ ಇಳಿದರೆ ಅದು ವಾಯ್ಡ್ ಹಾರ್ಟ್ ಆಗುತ್ತದೆ. ವೈಟ್ ಪ್ಯಾಲೇಸ್‌ನಲ್ಲಿ ಕಾಟ ಕೊಡುವುದು ತಿರುಗುವ ಗರಗಸಗಳು. ಹೈವ್‌ಬ್ಲಡ್ ಚಾರ್ಮ್ ಧರಿಸಿ ಹೋಗಿ. ಹೋದ ಒಂದು ಮಾಸ್ಕ್ (ಜೀವದ ಎಣಿಕೆ ಮಾಸ್ಕ್‌ಗಳಲ್ಲಿ) ಸ್ವಲ್ಪ ಹೊತ್ತಿನಲ್ಲಿ ತಾನೇ ತುಂಬಿಕೊಳ್ಳುತ್ತದೆ. ತಾಳ್ಮೆ ಒಂದಿದ್ದರೆ ಸಾಕು.

ಆಯುಧವನ್ನು ಪೂರ್ತಿ ಹದ ಮಾಡಿಸದೆ ಹೋಗಬೇಡಿ. ನೇಲ್‌ಸ್ಮಿತ್ ನಾಲ್ಕು ಸಲಕ್ಕೆ 250, 800, 2000, 4000 ಜಿಯೋ, ಅಂದರೆ ಆಟದ ಹಣ, ಕೇಳುತ್ತಾನೆ. ಒಟ್ಟು 7050 ಜಿಯೋ, ಜೊತೆಗೆ ಪೇಲ್ ಓರ್ ಎಂಬ ಅದಿರು ಆರು. 5 ಇದ್ದ ಪೆಟ್ಟು 21 ಆಗುತ್ತದೆ. ಆರರಲ್ಲಿ ಒಂದು ಓರ್ ಸಿಗುವುದು ಸೆರೆಯಲ್ಲಿರುವ ಹುಳುಗಳಾದ 31 ಗ್ರಬ್‌ಗಳನ್ನು ಬಿಡಿಸಿದ ಮೇಲೆ, ಅದಕ್ಕೇ ದಾರಿಯಲ್ಲಿ ಸಿಕ್ಕ ಗ್ರಬ್‌ಗಳನ್ನು ಬಿಟ್ಟು ಮುಂದೆ ಹೋಗಬಾರದು. ಇನ್ನು ಅಬಿಸ್ ಶ್ರೀಕ್ ಕಲಿಯದೆ ರೇಡಿಯನ್ಸ್ ಮುಂದೆ ನಿಂತವರು ಸುಮ್ಮನೆ ಕಷ್ಟಪಡುತ್ತಾರೆ. ಅವಳು ಯಾವಾಗಲೂ ತಲೆಯ ಮೇಲೆ ತೇಲುತ್ತಿರುತ್ತಾಳೆ, ಈ ಸ್ಪೆಲ್ ನೇರ ಮೇಲಕ್ಕೇ ಸಿಡಿಯುತ್ತದೆ.

ಚಾರ್ಮ್‌ಗೆ 11 ನಾಚ್ (ಚಾರ್ಮ್ ಕೂರಿಸುವ ಜಾಗ) ಇದ್ದರೆ ಶಾಮನ್ ಸ್ಟೋನ್ 3, ಸ್ಪೆಲ್ ಟ್ವಿಸ್ಟರ್ 2, ಕ್ವಿಕ್ ಸ್ಲ್ಯಾಶ್ 3, ಮಾರ್ಕ್ ಆಫ್ ಪ್ರೈಡ್ 3, ಸರಿಯಾಗಿ ಕೂಡುತ್ತದೆ. ಸ್ಪೆಲ್ ಹೊಡೆಯಲು, ಗಾಯ ವಾಸಿ ಮಾಡಲು ಖರ್ಚಾಗುವ ಶಕ್ತಿಯ ಹೆಸರು ಸೋಲ್. ಅದನ್ನು ತುಂಬಿಡುವ ಮೂರೂ ವೆಸೆಲ್ ಸೇರಿದರೆ ಸೋಲ್ 198. ಸ್ಪೆಲ್ ಟ್ವಿಸ್ಟರ್‌ನಿಂದ ಸ್ಪೆಲ್ ಒಂದಕ್ಕೆ 33ರ ಬದಲು 24 ಖರ್ಚಾದರೆ ಆರು ಸಲ ಹೊಡೆಯುವ ಕಡೆ ಎಂಟು ಸಲ. ಫ್ರಜೈಲ್ ಸ್ಟ್ರೆಂತ್ ಚಾರ್ಮ್ ಮಾತ್ರ ಬೇಡ. ಸತ್ತರೆ ಒಡೆಯುತ್ತದೆ, ಇಲ್ಲಿ ಸಾಯುವುದು ಒಂದೆರಡು ಸಲವಲ್ಲ.

ಹಾಲೋ ನೈಟ್ ತನ್ನನ್ನೇ ಇರಿದುಕೊಳ್ಳುವ ಹೊತ್ತಿನಲ್ಲಿ ಮಾಸ್ಕ್ ಮತ್ತು ಸೋಲ್ ಎರಡನ್ನೂ ತುಂಬಿಸಿಕೊಳ್ಳಿ. ಕೊನೆಗೆ ಹಾರ್ನೆಟ್ ಎಂಬ ಪಾತ್ರ ಹಾರಿ ಬಂದು ಅದನ್ನು ಹಿಡಿದು ನಿಲ್ಲಿಸುತ್ತಾಳೆ. ಆಗ ಹೊಡೆಯುತ್ತಲೇ ಇದ್ದರೆ ಇನ್ನೊಂದು ಅಂತ್ಯಕ್ಕೆ ಹೋಗುತ್ತೀರಿ. ಕೈ ತಡೆದು ಡಿ ಕೀ ಹಿಡಿದಿಟ್ಟು ಡ್ರೀಮ್ ನೇಲ್ ಬೀಸಬೇಕು. ಆಗಲೇ ರೇಡಿಯನ್ಸ್ ಕಡೆಗೆ ಬಾಗಿಲು ತೆರೆಯುವುದು.

ರೇಡಿಯನ್ಸ್ ಒಂದು ಪೆಟ್ಟಿಗೆ ಎರಡು ಮಾಸ್ಕ್ ತೆಗೆಯುತ್ತಾಳೆ. ಒಂಬತ್ತು ಮಾಸ್ಕ್ ಇದ್ದರೂ ಐದನೇ ಪೆಟ್ಟಿಗೆ ಸಾವು. ಒಂದು ಪೆಟ್ಟನ್ನು ವಾಸಿ ಮಾಡಲು 66 ಸೋಲ್ ಬೇಕು, ಅಷ್ಟರಲ್ಲಿ ಎರಡು ಶ್ರೀಕ್ ಹೊಡೆದು ಇನ್ನೂ ಸೋಲ್ ಉಳಿಯುತ್ತದೆ. ಹಾಗಾಗಿ ಇಲ್ಲಿ ಗೆಲ್ಲಿಸುವುದು ತಪ್ಪಿಸಿಕೊಳ್ಳುವ ಕಲೆ. ಬೆಳಕಿನ ಕಿರಣ ಬರುವ ಮೊದಲು ಅದೇ ಜಾಗದಲ್ಲಿ ತೆಳ್ಳಗಿನ ಗೆರೆ ಮೂಡುತ್ತದೆ. ಕಣ್ಣು ರೇಡಿಯನ್ಸ್ ಮೇಲಲ್ಲ, ಆ ಗೆರೆಯ ಮೇಲಿರಲಿ. ಮೇಲಿಂದ ಸುರಿಯುವ ಕತ್ತಿಗಳ ಸಾಲಿನಲ್ಲಿ ಯಾವಾಗಲೂ ಒಂದು ಸಂದಿ ಇರುತ್ತದೆ, ಅದರೊಳಗೆ ನಿಲ್ಲಿ. ಪಕ್ಕದಿಂದ ಉಜ್ಜಿಕೊಂಡು ಬರುವ ಬೆಳಕಿನ ಗೋಡೆಯನ್ನು ಶೇಡ್ ಕ್ಲೋಕ್‌ನಲ್ಲಿ ಸೀಳಿ ಹೋಗಬಹುದು, ಆದರೆ ಅದು ಮತ್ತೆ ತುಂಬಲು ಸುಮಾರು ಒಂದೂವರೆ ಸೆಕೆಂಡ್ ಬೇಕು. ಗಾಬರಿಯಲ್ಲಿ ಮೊದಲೇ ಡ್ಯಾಶ್ ಮಾಡಿದವರು ಗೋಡೆ ಬಂದಾಗ ಬರಿಗೈಯಲ್ಲಿ ನಿಂತಿರುತ್ತಾರೆ. ಹೆಚ್ಚಿನ ಸಾವು ಇಲ್ಲೇ.

ದೂರು ಒಂದಿದೆ. ರೇಡಿಯನ್ಸ್ ಕೈಲಿ ಸತ್ತರೆ ಪ್ರತಿ ಸಲವೂ ಹಾಲೋ ನೈಟನ್ನು ಮೊದಲಿಂದ ಸೋಲಿಸಿ ಬರಬೇಕು. ಹತ್ತನೇ ಸಲಕ್ಕೆ ಅದು ಅಭ್ಯಾಸವಲ್ಲ, ಬರೀ ಕಾಲಹರಣ. ಇನ್ನೊಂದು, ಆಟದ ಮಾತುಗಳು ಕನ್ನಡದಲ್ಲಾಗಲಿ ಭಾರತದ ಬೇರೆ ಭಾಷೆಯಲ್ಲಾಗಲಿ ಇಲ್ಲ.

ಆದರೂ ಒಂದು ಸಂಜೆ ಹೆಡ್‌ಫೋನ್ ಹಾಕಿ ಸಿಟಿ ಆಫ್ ಟಿಯರ್ಸ್‌ಗೆ ಇಳಿದು ನೋಡಿ. ಮೇಲಿನ ನೀಲಿ ಸರೋವರದಿಂದ ಸೋರುವ ನೀರು ಆ ಊರಿನ ಮೇಲೆ ಬಿಡುವಿಲ್ಲದೆ ಮಳೆಯಾಗಿ ಬೀಳುತ್ತದೆ. ಹಂಚಿನ ಮಾಡಿನ ಕೆಳಗೆ ಬೆಳೆದವರಿಗೆ ಆ ಸದ್ದಿನ ಪರಿಚಯ ಬೇಕಿಲ್ಲ.

ರೇಡಿಯನ್ಸ್ ಕಾಳಗದ ಕಡೇ ಹಂತದಲ್ಲಿ ನೆಲವೇ ಇರುವುದಿಲ್ಲ. ಸಣ್ಣ ಕಟ್ಟೆಗಳನ್ನು ಹಿಡಿದು ಮೇಲಕ್ಕೆ ಏರಬೇಕು, ಮೇಲಿಂದ ಕಿರಣ ಬೀಳುತ್ತಿರುತ್ತದೆ. ಕಿರಣ ಹೋದ ಮೇಲೆ ಒಂದು ಕಟ್ಟೆ, ಮತ್ತೆ ಕಾಯುವುದು, ಮತ್ತೆ ಒಂದು. ತುದಿ ಮುಟ್ಟಿದ ಮೇಲೆ ಅವಳಿಗೆ ಉಳಿದಿರುವುದು ಕೆಲವೇ ಪೆಟ್ಟು. ಸೋಲ್ ಉಳಿಸಿಕೊಂಡು ಹತ್ತಿದ್ದರೆ ಅಡಿಯಲ್ಲಿ ನಿಂತು ಮೇಲಿನ ಬಾಣ ಮತ್ತು ಎಫ್, ಇನ್ನೊಮ್ಮೆ ಮೇಲಿನ ಬಾಣ ಮತ್ತು ಎಫ್.