ಇಲ್ಲದ ಹೆಸರಿಗೂ ಮೇಲ್ ತಗೊಳ್ಳುವ ಸರ್ವರ್ ಹಾಕಿಕೊಟ್ಟರು, ಎಚ್ಚರ!

ನಮ್ಮ ಆಫೀಸಿಗೆ ಮೇಲ್ ಸರ್ವರ್ ಹಾಕಿಕೊಟ್ಟ ಏಜೆನ್ಸಿ ಮೇಲೆ ನನ್ನ ಕೋಪ ಇನ್ನೂ ಆರಿಲ್ಲ. ಮುಂದೆ, ಹೊರಗಿನಿಂದ ಬರುವ ಮೇಲ್ ತಗೊಳ್ಳಲು ಪೋಸ್ಟ್‌ಫಿಕ್ಸ್ ಅನ್ನುವ ಸಾಫ್ಟ್‌ವೇರ್ ಇರುವ ಸರ್ವರ್; ಅದರ ಹಿಂದೆ, ಮೇಲ್‌ಬಾಕ್ಸ್ ಇರುವ ಸರ್ವರ್. ಎಲ್ಲರೂ ಹಾಕಿಸುವ ಹಾಗೆಯೇ. ದುಡ್ಡು ಪೂರ್ತಿ ಎಣಿಸಿಕೊಂಡು ಹೋದರು.

ಆಮೇಲೆ ನಮ್ಮ ಮೇಲ್ ಗಿರಾಕಿಗಳಿಗೆ ತಲುಪುವುದೇ ನಿಂತಿತು. ನಮ್ಮ ಸರ್ವರಿನ ಐಪಿ ವಿಳಾಸ ಬ್ಲ್ಯಾಕ್‌ಲಿಸ್ಟ್‌ನಲ್ಲಿ, ಅಂದರೆ ಸ್ಪ್ಯಾಮ್ ಕಳಿಸುವವರ ಪಟ್ಟಿಯಲ್ಲಿ! ಕೇಳಿದರೆ, "ನಿಮ್ಮ ಸ್ಟಾಫ್ ಯಾರೋ ಸ್ಪ್ಯಾಮ್ ಕಳಿಸ್ತಿದ್ದಾರೆ ಸಾರ್, ಪಾಸ್‌ವರ್ಡ್ ಬದಲಾಯಿಸಿ." ನಮ್ಮ ಹುಡುಗರ ಮೇಲೆ ಅನುಮಾನ! ಬದಲಾಯಿಸಿದೆವು. ಏನೂ ಆಗಲಿಲ್ಲ. "ಹಾಗಾದ್ರೆ ಆಂಟಿ-ಸ್ಪ್ಯಾಮ್ ಲೈಸೆನ್ಸ್ ತಗೊಳ್ಳಿ ಸಾರ್."

ಕೊನೆಗೆ ನಾನೇ ಟೆಲ್‌ನೆಟ್‌ನಲ್ಲಿ, ಅಂದರೆ ಸರ್ವರ್ ಜೊತೆ ನೇರ ಮಾತಾಡುವ ಪ್ರೋಗ್ರಾಮಿನಲ್ಲಿ, ಮುಂದಿನ ಸರ್ವರ್ ಮೇಲ್ ತಗೊಳ್ಳುವ 25ನೇ ಪೋರ್ಟಿಗೆ ಹೋಗಿ, ಯಾರಿಗೆ ಅನ್ನುವ ಕಡೆ ಬಾಯಿಗೆ ಬಂದ ಒಂದು ಹೆಸರು ಹಾಕಿದೆ. ಅಂಥ ವಿಳಾಸವೇ ನಮ್ಮಲ್ಲಿ ಇಲ್ಲ. 550, ಅಂದರೆ ತಗೊಳ್ಳಲ್ಲ, ಅಂತ ಅಲ್ಲೇ ತಳ್ಳಬೇಕು, ಅಲ್ವಾ? ಬಂದದ್ದು 250 ಓಕೆ, ಅಂದರೆ ತಗೊಳ್ತೀನಿ. ಇನ್ನೊಂದು ಹೆಸರು. ಮತ್ತೆ 250 ಓಕೆ. ಮೈಯೆಲ್ಲ ಉರಿಯಿತು. ಯಾವ ಯಾವ ವಿಳಾಸ ಇದೆ ಅಂತ ಪೋಸ್ಟ್‌ಫಿಕ್ಸ್‌ಗೆ ತಿಳಿಸುವ ಪಟ್ಟಿ, ರಿಲೇ ರೆಸಿಪಿಯೆಂಟ್ ಮ್ಯಾಪ್ಸ್, ಅದನ್ನೇ ಖಾಲಿ ಬಿಟ್ಟಿದ್ದರು! ಅದು ಖಾಲಿ ಇದ್ದರೆ ಮುಂದಿನ ಸರ್ವರ್ ನಮ್ಮ ಡೊಮೈನಿನ ಯಾವ ಹೆಸರಿಗೂ ಹೂಂ ಅನ್ನುತ್ತದೆ. ಹಿಂದಿನದು ಬೇಡ ಅಂದಾಗ, ಕಳಿಸಿದವರ ವಿಳಾಸಕ್ಕೆ ಬೌನ್ಸ್, ಅಂದರೆ ಮೇಲ್ ತಲುಪಲಿಲ್ಲ ಅನ್ನುವ ವಾಪಸ್ ಮೇಲ್, ಹೊರಡುತ್ತದೆ. ಸ್ಪ್ಯಾಮ್‌ನಲ್ಲಿ ಕಳಿಸಿದವರ ವಿಳಾಸ ಸಾಮಾನ್ಯವಾಗಿ ಸುಳ್ಳು. ಏನೂ ಅರಿಯದ ಯಾರ ಯಾರಿಗೋ ನಮ್ಮ ಸರ್ವರ್ ಬೌನ್ಸ್ ಸುರಿಯುತ್ತಿತ್ತು, ಅದಕ್ಕೇ ಬ್ಲ್ಯಾಕ್‌ಲಿಸ್ಟ್.

ಇದನ್ನು ತೋರಿಸಿದರೆ, "ಅದು ಡಿಫಾಲ್ಟ್ ಸಾರ್." ಇರಲಿ, ಅದನ್ನು ತುಂಬಿಸಲಿಕ್ಕೇ ಅಲ್ವಾ ನಿಮಗೆ ದುಡ್ಡು ಕೊಟ್ಟದ್ದು?

ಸರಿ ಮಾಡಿದ್ದೇವೆ ಅಂದರು. ಬೌನ್ಸ್ ನಿಂತಿತು. ಮಾಡಿದ್ದೇನು ಗೊತ್ತಾ? ಹಿಂದಿನ ಸರ್ವರಿನಲ್ಲಿ ಕ್ಯಾಚ್-ಆಲ್! ಯಾವ ಹೆಸರಿಗೆ ಬಂದರೂ ಒಂದೇ ಮೇಲ್‌ಬಾಕ್ಸಿಗೆ. ಅದು ಇದೆ ಅಂತಲೂ ನಮಗೆ ಹೇಳಲಿಲ್ಲ. ಹಳೇ ಗಿರಾಕಿಯೊಬ್ಬರು ವಿಳಾಸದಲ್ಲಿ ಒಂದಕ್ಷರ ತಪ್ಪಿ ಕಳಿಸಿದ ಆರ್ಡರ್ ಅಲ್ಲಿ ಕೊಳೆಯುತ್ತಿತ್ತು. ಮೇಲ್ ವಾಪಸ್ ಹೋಗಿದ್ದರೆ ಅವರೇ ತಿದ್ದಿ ಕಳಿಸುತ್ತಿದ್ದರು. ಅವರ ಮುಂದೆ ತಲೆ ತಗ್ಗಿಸಿ ನಿಂತವನು ನಾನು. ಏಜೆನ್ಸಿಯವರ ಮಾತು ಕೇಳಿ: "ಮೇಲ್ ಎಲ್ಲೂ ಹೋಗಿಲ್ವಲ್ಲ ಸಾರ್, ಸೇಫಾಗಿದೆ."

ಹಾಕಿಸುವವರು ಇಷ್ಟು ಮಾಡಿ. ಮೊದಲು ಕ್ಯಾಚ್-ಆಲ್ ತೆಗೆಸಿ. ರಿಲೇ ರೆಸಿಪಿಯೆಂಟ್ ಮ್ಯಾಪ್ಸ್‌ನಲ್ಲಿ, ನಿಮ್ಮಲ್ಲಿ ನಿಜವಾಗಿ ಇರುವ ವಿಳಾಸಗಳ ಪಟ್ಟಿ ತುಂಬಿಸಿ. ಪಟ್ಟಿ ಇಡುವುದು ಕಷ್ಟ ಅಂದರೆ ರಿಜೆಕ್ಟ್ ಅನ್‌ವೆರಿಫೈಡ್ ರೆಸಿಪಿಯೆಂಟ್ ಅನ್ನುವ ಸೆಟ್ಟಿಂಗ್ ಹಾಕಿಸಿ. ಮುಂದಿನ ಸರ್ವರ್ ಆ ವಿಳಾಸ ಇದೆಯಾ ಅಂತ ಹಿಂದಿನದನ್ನು ಕೇಳಿ ನೋಡಿ ಉತ್ತರ ನೆನಪಿಟ್ಟುಕೊಳ್ಳುತ್ತದೆ. ಆದರೆ ಕ್ಯಾಚ್-ಆಲ್ ಇದ್ದರೆ ಇದರಿಂದ ಪ್ರಯೋಜನವಿಲ್ಲ, ಹಿಂದಿನದು ಎಲ್ಲದಕ್ಕೂ ಇದೆ ಅನ್ನುತ್ತದೆ. ಇಲ್ಲದ ಹೆಸರಿಗೆ ಈ ಸೆಟ್ಟಿಂಗ್ ಕೊಡುವ ಡಿಫಾಲ್ಟ್ ಕೋಡ್ 450, ಅಂದರೆ ಆಮೇಲೆ ಮತ್ತೆ ಬಾ. ಅದನ್ನು 550 ಮಾಡಿಸಿ. ನಿಮ್ಮ ಕಣ್ಣೆದುರೇ ಇಲ್ಲದ ಹೆಸರು ಹಾಕಿಸಿ, 550 ಬಂದ ಮೇಲೆ ಬಾಕಿ ದುಡ್ಡು ಕೊಡಿ.

ಈಗ ಎಎಂಸಿ (ವರ್ಷದ ನಿರ್ವಹಣೆ ಒಪ್ಪಂದ) ರಿನ್ಯೂ ಮಾಡಿ ಅಂತ ಫೋನ್ ಮೇಲೆ ಫೋನ್ ಬರುತ್ತಿದೆ. ಒಂದು ಪೈಸೆ ಕೊಡುವುದಿಲ್ಲ.