ದುಂಡು ಮೂತಿಯ ಹಡಗಿಗೆ ಪಟ್ಟಿ ಬಗ್ಗಿಸಲು ನಾಲ್ಕು ದಾರಿ

ಮರದ ಹಡಗಿನ ಮಾದರಿ ಕಟ್ಟುವವರಲ್ಲಿ ಬಗೆಹರಿಯದ ಜಗಳ ಒಂದಿದೆ. ಹಡಗಿನ ಮೈಗೆ ಹೊದಿಸುವ ಪಟ್ಟಿಗಳನ್ನು ಬಗ್ಗಿಸಲು ಯಾವುದು ಒಳ್ಳೆಯದು? ಬಿಸಿನೀರು, ಸೋಲ್ಡರಿಂಗ್ ಐರನ್, ಕಚ್ಚು ಹಾಕುವ ಇಕ್ಕಳ, ಇಸ್ತ್ರಿ ಪೆಟ್ಟಿಗೆ, ಹೀಗೆ ಒಬ್ಬೊಬ್ಬರದು ಒಂದೊಂದು ಪಕ್ಷ. ನಾಲ್ಕನ್ನೂ ಒಂದೇ ಹಡಗಿನ ಮೇಲೆ ಬಳಸಿ ನೋಡಿದೆ. ನನ್ನ ಓಟು ಇಸ್ತ್ರಿ ಪೆಟ್ಟಿಗೆಗೆ.

ಹಡಗು ಯಾವುದು ಅನ್ನೋದು ಇಲ್ಲಿ ಮುಖ್ಯ. ನಾನು ಕಟ್ಟಿದ್ದು ಹದಿನೆಂಟನೇ ಶತಮಾನದ ಇಂಗ್ಲಿಷ್ ನಾವಿಕ ಜೇಮ್ಸ್ ಕುಕ್‌ನ ಎಂಡೆವರ್, 1:64 ಅಳತೆಯಲ್ಲಿ, ಅಂದರೆ ಮೂಲದ ಅರವತ್ನಾಲ್ಕನೇ ಒಂದು ಪಾಲು. ಮೂಲ ಹಡಗನ್ನು 1764ರಲ್ಲಿ ಇಂಗ್ಲೆಂಡಿನ ವಿಟ್ಬಿ ಊರಲ್ಲಿ ಕಲ್ಲಿದ್ದಲು ಸಾಗಿಸಲು ಕಟ್ಟಿದ್ದರು. 1768ರಲ್ಲಿ ನೌಕಾಪಡೆ ಅದನ್ನು ಕೊಂಡುಕೊಂಡಿತು. ಓಟಕ್ಕಿಂತ ಸರಕಿಗೆ ಮಾಡಿದ ಹಡಗಾದ್ದರಿಂದ ಮೂತಿ ಉಬ್ಬಿಕೊಂಡು ದುಂಡಗಿದೆ. ಪಟ್ಟಿ ಅಲ್ಲಿ ಕೆಲವೇ ಸೆಂಟಿಮೀಟರಿನಲ್ಲಿ ಗಕ್ಕನೆ ತಿರುಗಬೇಕು. 1869ರ ಕಟ್ಟಿ ಸಾರ್ಕ್ ಹಾಗಲ್ಲ. ಚೀನಾದ ಚಹಾ ಹೊತ್ತು ಓಡಲು ಕಟ್ಟಿದ ಆ ಹಡಗಿನ ಮೂತಿ ಚೂಪು. ಅದರ ಮೇಲೆ ಪರೀಕ್ಷೆ ಮಾಡಿದರೆ ನಾಲ್ಕೂ ಪಾಸಾಗುತ್ತವೆ, ಏನೂ ಗೊತ್ತಾಗಲ್ಲ.

ಇನ್ನೊಂದು ವಿಷಯ. ಪಟ್ಟಿ ಎರಡು ದಿಕ್ಕಿನಲ್ಲಿ ಬಗ್ಗಬೇಕು. ಚಪ್ಪಟೆ ಮೈಯನ್ನು ಒಳಕ್ಕೆ ಬಾಗಿಸುವುದು ಒಂದು, ಇದು ಸುಲಭ. ಅಂಚಿನ ಕಡೆಗೆ ಬಾಗಿಸುವುದು ಇನ್ನೊಂದು. ಶಾಲೆಯ ಸ್ಕೇಲನ್ನು ಮೇಜಿನ ಮೇಲೆ ಮಲಗಿಸಿ ಎಡಕ್ಕೋ ಬಲಕ್ಕೋ ಬಗ್ಗಿಸಲು ಹೊರಟ ಹಾಗೆ ಅದು. ಮೂತಿಯ ಹತ್ತಿರ ಈ ಎರಡನೆಯ ಬಾಗು ಸಿಗದಿದ್ದರೆ ಪಟ್ಟಿಯ ಒಂದು ಅಂಚು ಎದ್ದು ನಿಲ್ಲುತ್ತದೆ. ಎಷ್ಟು ಗುಂಡುಪಿನ್ ಹೊಡೆದರೂ ಕೂರುವುದಿಲ್ಲ. ಸಲಕರಣೆಯ ಜಾಹೀರಾತುಗಳಲ್ಲಿ ಮೊದಲ ಬಾಗನ್ನು ಮಾತ್ರ ತೋರಿಸುತ್ತಾರೆ.

ಬಿಸಿನೀರಿನಿಂದ ಶುರು ಮಾಡೋಣ. ಮರದ ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಬಿಸಿಗೆ ಮೆತ್ತಗಾಗುತ್ತದೆ, ತಣ್ಣಗಾದಾಗ ಮತ್ತೆ ಬಿಗಿಯುತ್ತದೆ. ತೇವ ಇದ್ದರೆ ಕಡಿಮೆ ಬಿಸಿಯೇ ಸಾಕು. ನಿಜವಾದ ಹಡಗುಕಟ್ಟೆಗಳಲ್ಲಿ ಒಂದು ಅಂಗುಲ ದಪ್ಪದ ಹಲಗೆಗೆ ಒಂದು ಗಂಟೆ ಹಬೆ ಅನ್ನೋದು ಹಳೆಯ ಲೆಕ್ಕ. ಹಾಗೆ ನೋಡಿದರೆ ನಮ್ಮ ಒಂದೂವರೆ ಮಿಲಿಮೀಟರ್ ಪಟ್ಟಿಗೆ ನಾಲ್ಕು ನಿಮಿಷ ಕುದಿನೀರು ಸಾಕಲ್ವಾ? ರಾತ್ರಿಯಿಡೀ ಬಕೆಟ್ಟಿನಲ್ಲಿ ನೆನೆಹಾಕುವವರಿದ್ದಾರೆ, ಸುಮ್ನೆ. ನೀರಿನ ತೊಂದರೆ ಬೇರೆಯದೇ. ನೆನೆದ ಪಟ್ಟಿ ಅಗಲಕ್ಕೆ ಉಬ್ಬುತ್ತದೆ. ಒದ್ದೆಯಾಗಿದ್ದಾಗಲೇ ಅಂಟಿಸಿದರೆ ಒಣಗಿದ ಮೇಲೆ ಪಟ್ಟಿಗಳ ನಡುವೆ ಸಂದು ಬಿಡುತ್ತದೆ. ಬಟ್ಟೆ ಕ್ಲಿಪ್ ಹಾಕಿ ಹಡಗಿನ ಮೇಲೇ ಒಣಗಿಸಿ, ತೆಗೆದು, ಆಮೇಲೆ ಫೆವಿಕಾಲ್ ಹಚ್ಚಬೇಕು. ತಾಳ್ಮೆ ಇದ್ದರೆ ಖರ್ಚಿಲ್ಲದ ದಾರಿ. ನೀರಿಗೆ ಅಮೋನಿಯಾ ಸೇರಿಸಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಮನೆಯೆಲ್ಲ ನಾತ, ಮರದ ಬಣ್ಣವೂ ಕೆಡುತ್ತದೆ.

ಸೋಲ್ಡರಿಂಗ್ ಐರನ್ ಚುರುಕು. ದುಂಡು ತಲೆ ಕೂರಿಸಿದ ಎಲೆಕ್ಟ್ರಿಕ್ ಬೆಂಡರ್‌ಗಳೂ ಸಿಗುತ್ತವೆ, ಒಳಗಿರುವ ತತ್ವ ಒಂದೇ. ತೇವದ ಪಟ್ಟಿಯನ್ನು ಕಾದ ತಲೆಯ ಮೇಲೆ ನಿಧಾನ ಉಜ್ಜಿದರೆ ಆವಿ ಚುಯ್ ಅನ್ನುತ್ತಾ ಪಟ್ಟಿ ಕೈಯಲ್ಲೇ ಬಾಗುತ್ತದೆ. ಬಾಗು ಅಲ್ಲೇ ನಿಲ್ಲುತ್ತದೆ, ಕಾಯುವ ಕೆಲಸ ಇಲ್ಲ. ಚಪ್ಪಟೆ ಬಾಗಿಗೆ ಇದರಷ್ಟು ವೇಗ ಇನ್ನಾವುದಕ್ಕೂ ಇಲ್ಲ. ಆದರೆ ಕೈ ಒಂದು ಕ್ಷಣ ನಿಂತರೂ ಸುಟ್ಟ ಕಲೆ. ಹಡಗಿನ ಮೈಗೆ ಪಟ್ಟಿ ಹೊದಿಸುವುದು ಎರಡು ಪದರದಲ್ಲಿ. ಕೆಳಪದರದ ಲೈಮ್ ಮರದಲ್ಲಿ (ನಿಂಬೆಯಲ್ಲ, ಯುರೋಪಿನ ಒಂದು ಮೆದು ಮರ) ಕಲೆ ಮುಚ್ಚಿಹೋಗುತ್ತದೆ, ಮೇಲ್ಪದರದ ತೆಳು ವಾಲ್‌ನಟ್‌ನಲ್ಲಿ (ಅಕ್ರೋಟು ಮರ) ಎದ್ದು ಕಾಣುತ್ತದೆ. ಅಂಚಿನ ಬಾಗು ಇದರಿಂದ ಆಗುವುದಿಲ್ಲ.

ಇಕ್ಕಳದ ಬಗ್ಗೆ ಹೇಳಲು ಹೆಚ್ಚಿಲ್ಲ. ಪಟ್ಟಿಯ ಒಳಮೈಗೆ ಸಾಲಾಗಿ ಅರ್ಧ ಕಚ್ಚು ಹಾಕಿದರೆ ಅದು ಬಾಗುತ್ತದೆ. ನೀರು ಬೇಡ, ಬಿಸಿ ಬೇಡ. ಆದರೆ ಬಾಗು ನಯವಾಗಿರದೆ ಸಣ್ಣ ಸಣ್ಣ ಮೂಲೆಗಳಾಗಿ ಮುರಿಯುತ್ತದೆ, ಉಜ್ಜುಕಾಗದದ ಕೆಲಸ ಜಾಸ್ತಿ. ಅರ್ಧ ಮಿಲಿಮೀಟರಿನ ಮೇಲ್ಪದರಕ್ಕೆ ತಂದರೆ ಆಚೆ ಬದಿಗೇ ಕಚ್ಚು ಬೀಳುತ್ತದೆ. ದುಡ್ಡು ದಂಡ.

ಇನ್ನು ಇಸ್ತ್ರಿ. ಪಟ್ಟಿಯನ್ನು ಐದು ನಿಮಿಷ ನೀರಲ್ಲಿ ಇಟ್ಟು ಒರೆಸಿ. ಒಂದು ಮರದ ಹಲಗೆಯ ಮೇಲೆ ಮಲಗಿಸಿ, ಒಂದು ತುದಿಗೆ ಕ್ಲ್ಯಾಂಪ್ ಹಾಕಿ. ಇನ್ನೊಂದು ತುದಿಯನ್ನು ಬೇಕಾದ ಕಡೆಗೆ ಎಳೆದು ಅಲ್ಲೂ ಕ್ಲ್ಯಾಂಪ್ ಹಾಕಿ. ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಎಳೆಯಿರಿ, ಬಿಟ್ಟಾಗ ಒಂದಿಷ್ಟು ವಾಪಸ್ ಬರುತ್ತದೆ. ಈಗ ಮೇಲಿಂದ ಇಸ್ತ್ರಿ ಒತ್ತಿ. ಒಳ ಅಂಚು ಮುದುಡಿ ಮೇಲೇಳಲು ನೋಡುತ್ತದೆ. ಇಸ್ತ್ರಿಯ ಭಾರವೇ ಅದನ್ನು ಒತ್ತಿ ಹಿಡಿಯುತ್ತದೆ, ಬಿಸಿಯೂ ಅದೇ ಹೊತ್ತಿಗೆ ತಗಲುತ್ತದೆ. ಒಣಗಿ ತಣ್ಣಗಾದ ಮೇಲೆ ಕ್ಲ್ಯಾಂಪ್ ತೆಗೆದರೆ ಅಂಚಿನ ಬಾಗು ಹಾಗೇ ಉಳಿದಿರುತ್ತದೆ. ಉಳಿದ ಮೂರಕ್ಕೆ ಬಾರದ ವಿದ್ಯೆ ಇದು. ಚಪ್ಪಟೆ ಬಾಗು ಬೇಕಾದರೆ ಅದೇ ಪಟ್ಟಿಯನ್ನು ಇಸ್ತ್ರಿಯ ಅಂಚಿನಲ್ಲಿ ಎಳೆದರೆ ಆಯಿತು.

ಇನ್ನೊಂದು ಲಾಭ ಮೇಲ್ಪದರದಲ್ಲಿ ಸಿಗುತ್ತದೆ. ಹಡಗಿನ ಮೈಗೂ ಪಟ್ಟಿಗೂ ಬಿಳಿ ಗೋಂದು ತೆಳ್ಳಗೆ ಹಚ್ಚಿ ಒಣಗಲು ಬಿಡಿ. ಆಮೇಲೆ ಪಟ್ಟಿಯನ್ನು ಜಾಗದಲ್ಲಿ ಇಟ್ಟು ಇಸ್ತ್ರಿ ಒತ್ತಿದರೆ ಗೋಂದು ಕರಗಿ ಹಿಡಿದುಕೊಳ್ಳುತ್ತದೆ. ಮೊಳೆಯ ತೂತು ಇಲ್ಲ, ಫೆವಿಕ್ವಿಕ್ ಕಲೆಯೂ ಇಲ್ಲ. ಬಟ್ಟೆಯ ಇಸ್ತ್ರಿ ಪೆಟ್ಟಿಗೆ ಮಾತ್ರ ಬೇರೆ ಇಟ್ಟುಕೊಳ್ಳಿ. ಬಿಳಿ ಅಂಗಿಗೆ ವಾಲ್‌ನಟ್ ಬಣ್ಣ ಹತ್ತಿದರೆ ಮನೆಯಲ್ಲಿ ಯಾರೂ ಸುಮ್ಮನಿರಲ್ಲ. ಪ್ರವಾಸಕ್ಕೆ ಒಯ್ಯುವ ಪುಟ್ಟ ಇಸ್ತ್ರಿ ಕೈಗೆ ಇನ್ನೂ ಹದ.

ಯಾವ ದಾರಿ ಹಿಡಿದರೂ ಮೂತಿಯ ಕಡೆ ಪಟ್ಟಿಯನ್ನು ಕಿರಿದು ಮಾಡುವ ಕೆಲಸ ತಪ್ಪದು. ಅಲ್ಲಿ ಮೈಯ ಸುತ್ತಳತೆ ನಡುವಿಗಿಂತ ಕಡಿಮೆ, ಪೂರ್ತಿ ಅಗಲದ ಪಟ್ಟಿಗಳಿಗೆ ಜಾಗ ಇರಲ್ಲ. ಆದರೆ ಅರ್ಧ ಅಗಲಕ್ಕಿಂತ ಕೆಳಗೆ ಇಳಿಸಬೇಡಿ, ತುದಿ ಚೂಪಾದರೆ ಮೊಳೆ ಹೊಡೆಯುವಾಗ ಸೀಳುತ್ತದೆ.

ಇಸ್ತ್ರಿ ಸೋಲುವುದು ವೇಲ್ ಹತ್ತಿರ. ನೀರಿನ ಮಟ್ಟಕ್ಕೆ ಸ್ವಲ್ಪ ಮೇಲೆ ಹಡಗಿನ ಉದ್ದಕ್ಕೂ ಹೋಗುವ ದಪ್ಪ ಪಟ್ಟಿ ಅದು. ಎರಡು ಮಿಲಿಮೀಟರ್ ವಾಲ್‌ನಟ್ ಆ ದುಂಡು ಮೂತಿಗೆ ಬಗ್ಗುವ ಮೊದಲೇ ಬಿರಿಯುತ್ತದೆ. ಅಲ್ಲಿ ಬಗ್ಗಿಸುವ ಹಟ ಬಿಟ್ಟು, ಒಂದೊಂದು ಮಿಲಿಮೀಟರಿನ ಎರಡು ಪಟ್ಟಿಗಳನ್ನು ಬೇರೆ ಬೇರೆ ಬಗ್ಗಿಸಿ ಒಂದರ ಮೇಲೊಂದು ಅಂಟಿಸಿ. ಕರಿ ಬಣ್ಣ ಬಳಿದ ಮೇಲೆ ಜೋಡಣೆ ಕಾಣುವುದಿಲ್ಲ.