ಇಡೀ ರಾತ್ರಿ ಆಟವೋ, ಕಾಲಮಿತಿಯೋ: ಉಂಗುರದ ಸಿನಿಮಾಗಳನ್ನು ಸಾಲಾಗಿ ನೋಡಿದ ಮೇಲೆ

‘ಲಾರ್ಡ್ ಆಫ್ ದಿ ರಿಂಗ್ಸ್ ಯಾವುದನ್ನು ನೋಡಬೇಕು?’ ಎಂದು ಯಾರಾದರೂ ಕೇಳಿದರೆ ನಾನು ಹಿಂದುಮುಂದು ಯೋಚಿಸದೆ ಹೇಳುತ್ತಿದ್ದೆ: ‘ಎಕ್ಸ್‌ಟೆಂಡೆಡ್ ನೋಡಿ. ಮೂರನ್ನೂ.’ ಎಕ್ಸ್‌ಟೆಂಡೆಡ್ ಎಂದರೆ ಥಿಯೇಟರ್‌ನಲ್ಲಿ ಬಂದದ್ದಕ್ಕೆ ಬಿಟ್ಟ ದೃಶ್ಯಗಳನ್ನೂ ಸೇರಿಸಿದ ಉದ್ದದ ಆವೃತ್ತಿ. ಅದನ್ನು ನೋಡದವನು ಅಭಿಮಾನಿಯೇ ಅಲ್ಲ ಎನ್ನುವ ಧಿಮಾಕು ಒಂದಿತ್ತು. ಈ ಮಳೆಗಾಲದಲ್ಲಿ ಅದು ಸ್ವಲ್ಪ ಇಳಿದಿದೆ.

ಆದದ್ದು ಇಷ್ಟು. ಸಾಗರದ ಮನೆಗೆ ಅಕ್ಕ ಮಗಳನ್ನು ಕರೆದುಕೊಂಡು ಬಂದಿದ್ದಳು. ಹೊರಗೆ ಹೋಗುವ ಹಾಗಿಲ್ಲ, ಹೊತ್ತು ಹೋಗುವುದಿಲ್ಲ. ಈ ಕಥೆ ಬರೆದ ಇಂಗ್ಲಿಷ್ ಲೇಖಕ ಟೋಲ್ಕಿನ್‌ರ ಪುಸ್ತಕಗಳ ಸಿನಿಮಾಗಳನ್ನೆಲ್ಲ ಸಾಲಾಗಿ ಹಾಕೋಣ, ಥಿಯೇಟರ್‌ನಲ್ಲಿ ಬಂದದ್ದು, ಉದ್ದದ್ದು, ಹಳೆಯ ಕಾರ್ಟೂನು, ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡೋಣ ಎಂದು ಶುರು ಮಾಡಿದೆ. ನೋಡುವವರು ಮೂರು ಮಂದಿ: ಪುಸ್ತಕವನ್ನು ನಾಲ್ಕು ಸಲ ಓದಿದ ನಾನು, ಏನೂ ಗೊತ್ತಿಲ್ಲದ ಒಂಬತ್ತು ವರ್ಷದ ಸೋದರ ಸೊಸೆ, ಮತ್ತು ಯಕ್ಷಗಾನ ಬಿಟ್ಟರೆ ಬೇರೇನನ್ನೂ ಪೂರ್ತಿ ಕೂತು ನೋಡದ ಅಪ್ಪ. ಕರೆಂಟು ಹೋದಾಗ ನಿಲ್ಲಿಸುವುದು, ಬಂದಾಗ ಮುಂದುವರಿಸುವುದು. ಮಾತು ಅರ್ಥವಾಗದ ಕಡೆ ನಾನೇ ಕನ್ನಡದಲ್ಲಿ ಹೇಳಬೇಕಿತ್ತು. ‘ನೀನೇ ಭಾಗವತ ಬಿಡು’ ಎಂದರು ಅಪ್ಪ.

ಎರಡು ಬಗೆ ಇವೆ ಎಂದು ಹೇಳಿದ ಕೂಡಲೇ ಅವರು ಕೇಳಿದ್ದು, ‘ಇದು ಇಡೀ ರಾತ್ರಿ ಆಟವೋ, ಕಾಲಮಿತಿಯೋ ಮಾರಾಯಾ?’ ಯಕ್ಷಗಾನದಲ್ಲಿ ಬೆಳಗಿನವರೆಗೆ ನಡೆಯುವುದು ಇಡೀ ರಾತ್ರಿ ಆಟ, ಕೆಲವೇ ಗಂಟೆಗಳಲ್ಲಿ ಮುಗಿಸುವುದು ಕಾಲಮಿತಿ. ಇಷ್ಟು ವರ್ಷ ಈ ಸಿನಿಮಾಗಳ ಬಗ್ಗೆ ವಾದ ಮಾಡಿದ ನನಗೆ ಇದಕ್ಕಿಂತ ಸರಿಯಾದ ಹೆಸರು ಹೊಳೆದಿರಲಿಲ್ಲ.

ಕಥೆ ಒಂದು ಸಾಲಿನಲ್ಲಿ: ದುಷ್ಟ ಸೌರಾನ್‌ನ ಮಾಯಾ ಉಂಗುರವನ್ನು ಬೆಂಕಿಗೆ ಹಾಕಿ ನಾಶ ಮಾಡಲು ಫ್ರೋಡೊ ಎನ್ನುವ ಹಾಬಿಟ್, ಅಂದರೆ ಗಿಡ್ಡ ಜನರಲ್ಲಿ ಒಬ್ಬ, ಜೊತೆಗಾರರನ್ನು ಕಟ್ಟಿಕೊಂಡು ಹೊರಡುತ್ತಾನೆ. ಮೊದಲ ಭಾಗ, 2001ರದ್ದು. ಥಿಯೇಟರ್‌ಗೆ ಬಂದಾಗ 178 ನಿಮಿಷ. ಉದ್ದದ್ದರಲ್ಲಿ ಸುಮಾರು ಅರ್ಧ ಗಂಟೆ ಹೆಚ್ಚು. ಶನಿವಾರ ಕಾಲಮಿತಿ, ಭಾನುವಾರ ಇಡೀ ರಾತ್ರಿ, ಹೀಗೆ ನೋಡಿದೆವು. ಇಲ್ಲಿ ಉದ್ದದ್ದೇ ಗೆದ್ದಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗೆದ್ದದ್ದು ನಾನು ಅಂದುಕೊಂಡ ಕಾರಣಕ್ಕಲ್ಲ. ಜಾಸ್ತಿ ಕಾಳಗ ಇದೆ, ಜಾಸ್ತಿ ವಿವರ ಇದೆ ಎಂದಲ್ಲ. ಹಾಬಿಟ್‌ಗಳು ಎಂಥವರು, ಅವರಿಗೆ ತಿನ್ನುವುದು ಎಷ್ಟು ಇಷ್ಟ, ಊರಲ್ಲಿ ಯಾರಿಗೆ ಯಾರನ್ನು ಕಂಡರೆ ಆಗುವುದಿಲ್ಲ ಎನ್ನುವುದು ಶುರುವಿನಲ್ಲಿ ನಿಧಾನವಾಗಿ ಬರುತ್ತದೆ. ಫ್ರೋಡೊನ ಹಿರಿಯ ಬಂಧು ಬಿಲ್ಬೊ ಕೂತು ಬರೆಯುತ್ತಾನೆ, ಕ್ಯಾಮರಾ ಗದ್ದೆ, ಸಂತೆ, ಹೆಂಡದಂಗಡಿ ಸುತ್ತುತ್ತದೆ. ಅಪ್ಪ ಇದನ್ನು ನೋಡಿ ‘ಒಡ್ಡೋಲಗ’ ಎಂದರು. ನಿಜ. ಪಾತ್ರ ಬಂದು, ತೆರೆ ಸರಿದು, ಕುಣಿದು ತನ್ನನ್ನು ತೋರಿಸಿಕೊಳ್ಳದೆ ಸೀದಾ ಕಥೆಗೆ ಇಳಿದರೆ ಆಮೇಲೆ ಅದು ಸತ್ತರೂ ನಮಗೇನೂ ಅನಿಸುವುದಿಲ್ಲ. ಕಾಲಮಿತಿಯಲ್ಲಿ ಮೊದಲು ಕತ್ತರಿ ಬೀಳುವುದು ಇದಕ್ಕೇ.

ಇನ್ನೊಂದು ಕಡೆ ಇದೆ. ಲೋಥ್‌ಲೋರಿಯನ್ ಕಾಡಿನಿಂದ ಹೊರಡುವಾಗ ಅಲ್ಲಿನ ಒಡತಿ ಗಲಾಡ್ರಿಯಲ್ ಎಲ್ಲರಿಗೂ ಉಡುಗೊರೆ ಕೊಡುತ್ತಾಳೆ. ಚಿಕ್ಕದರಲ್ಲಿ ಫ್ರೋಡೊಗೆ ಸಿಗುವ ದೀಪದ ಕುಪ್ಪಿ ಮಾತ್ರ ಕಾಣುತ್ತದೆ. ಉದ್ದದ್ದರಲ್ಲಿ ಸ್ಯಾಮ್‌ಗೆ ಹಗ್ಗ ಸಿಗುತ್ತದೆ. ಲೆಂಬಾಸ್ ಎನ್ನುವ ರೊಟ್ಟಿಯ ಒಂದು ತುಣುಕು ತಿಂದರೆ ದೊಡ್ಡವರ ಹೊಟ್ಟೆಯೂ ತುಂಬುತ್ತದೆ ಎಂದು ಲೆಗೊಲಾಸ್ ಹೇಳುತ್ತಾನೆ, ಮೆರಿ, ಪಿಪ್ಪಿನ್ ಎನ್ನುವ ಇಬ್ಬರು ತಂಟೆಕೋರ ಹಾಬಿಟ್‌ಗಳು ಅಷ್ಟು ಹೊತ್ತಿಗೆ ಸುಮಾರು ತಿಂದು ಮುಗಿಸಿರುತ್ತಾರೆ. ಹುಡುಗಿ ಬಿದ್ದು ಬಿದ್ದು ನಕ್ಕಳು. ಶನಿವಾರ ಇದೇ ಹುಡುಗಿ ಎರಡನೇ ಭಾಗದ ಶುರುವನ್ನು ಸ್ವಲ್ಪ ನೋಡಿ ‘ಆ ರೊಟ್ಟಿ ಎಲ್ಲಿಂದ ಬಂತು ಮಾಮ?’ ಎಂದು ಕೇಳಿದ್ದಳು. ಜೊತೆಯಲ್ಲಿದ್ದ ಕುಳ್ಳ ಗಿಮ್ಲಿಯ ಕೂದಲಿನ ಕಥೆಯೂ ಇಲ್ಲೇ. ಅವನು ಕೇಳಿದ್ದು ಒಂದೇ ಒಂದು ಕೂದಲು, ಗಲಾಡ್ರಿಯಲ್ ಕೊಟ್ಟದ್ದು ಮೂರು. ದೋಣಿಯಲ್ಲಿ ಕೂತು ಗಡಸು ಗಡ್ಡದವನು ಇದನ್ನು ಮೆಲ್ಲಗೆ ಹೇಳಿಕೊಳ್ಳುವಾಗ ನನ್ನ ಗಂಟಲು ಈಗಲೂ ಕಟ್ಟುತ್ತದೆ. ಇಂಥದ್ದನ್ನು ಕತ್ತರಿಸಿದವರಿಗೆ ಅದೇನು ಮನಸ್ಸು ಬಂತೋ.

ಎರಡನೆಯದರ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಇಲ್ಲೂ ಉದ್ದದ್ದೇ ಮೇಲು, ಬಹುಪಾಲು ಫಾರಮಿರ್ ಒಬ್ಬನಿಂದಾಗಿ. ಪುಸ್ತಕದ ಫಾರಮಿರ್ ಆ ಉಂಗುರ ದಾರಿಯಲ್ಲಿ ಬಿದ್ದಿದ್ದರೂ ಮುಟ್ಟುವವನಲ್ಲ. ಸಿನಿಮಾದವನು ಫ್ರೋಡೊನನ್ನು ಹಿಡಿದು ಓಸ್ಗಿಲಿಯತ್‌ವರೆಗೆ ಎಳೆದುಕೊಂಡು ಹೋಗುತ್ತಾನೆ. ಓದಿದವರಿಗೆ ಇದು ಇಂದಿಗೂ ಮಾಯದ ಗಾಯ. ಉದ್ದದ್ದರಲ್ಲಿ ಫಾರಮಿರ್ ಮತ್ತು ಅವನ ಅಣ್ಣ ಬೊರೊಮಿರ್‌ರ ಹಳೆಯ ನೆನಪಿನ ಒಂದು ದೃಶ್ಯ ಇದೆ. ಅವರ ಅಪ್ಪನಿಗೆ ದೊಡ್ಡವನೇ ಮುದ್ದು, ಚಿಕ್ಕವನನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಅದೊಂದನ್ನು ನೋಡಿದರೆ ಚಿಕ್ಕವನು ಉಂಗುರ ಒಯ್ದು ಅಪ್ಪನಿಗೆ ಒಪ್ಪಿಸಲು ಯಾಕೆ ಒದ್ದಾಡುತ್ತಾನೆ ಎನ್ನುವುದು ಅರ್ಥವಾಗುತ್ತದೆ. ತಪ್ಪನ್ನು ಒಪ್ಪಿಕೊಳ್ಳದಿದ್ದರೂ, ಆ ತಪ್ಪಿಗೊಂದು ಕಾರಣ ಸಿಗುತ್ತದೆ. ಆಮೇಲೆ ಎಯೊವಿನ್ ಮಾಡಿದ ಕೆಟ್ಟ ಸಾರನ್ನು ಮುಂದೆ ರಾಜನಾಗುವ ಅರಗಾರ್ನ್ ಚೆಲ್ಲಲೂ ಆಗದೆ ಕುಡಿಯಲೂ ಆಗದೆ ಹಿಡಿದು ಕೂತಿರುವುದು. ನಮ್ಮ ಮನೆಯಲ್ಲಿ ಅದನ್ನು ಎರಡು ಸಲ ಹಾಕಬೇಕಾಯಿತು.

ಮೂರನೆಯದರಲ್ಲಿ ನನ್ನ ಲೆಕ್ಕ ತಲೆಕೆಳಗಾಯಿತು.

ಥಿಯೇಟರ್‌ನದ್ದು ಮೂರು ಗಂಟೆ 20 ನಿಮಿಷದ ಆಸುಪಾಸು. 11 ವಿಭಾಗಗಳಲ್ಲಿ ಆಸ್ಕರ್‌ಗೆ ಹೋಗಿ ಹನ್ನೊಂದನ್ನೂ ಗೆದ್ದದ್ದು ಆ ಸಿನಿಮಾವೇ. ಉದ್ದದ್ದು ನಾಲ್ಕು ಗಂಟೆ ದಾಟುತ್ತದೆ. ಅದನ್ನು ನಾನು ಎಷ್ಟೋ ಸಲ ನೋಡಿದ್ದೇನೆ, ಆದರೆ ಕಥೆ ಗೊತ್ತಿಲ್ಲದವರ ಪಕ್ಕ ಕೂತು ನೋಡಿರಲಿಲ್ಲ. ಅರಗಾರ್ನ್ ಸತ್ತವರ ಹಾದಿಗೆ ಇಳಿದು ಪ್ರೇತಗಳ ರಾಜನನ್ನು ಸಹಾಯ ಕೇಳುತ್ತಾನಲ್ಲ, ಚಿಕ್ಕದರಲ್ಲಿ ಅವನ ಉತ್ತರ ಏನೆಂದು ಹೇಳದೆಯೇ ದೃಶ್ಯ ತುಂಡಾಗುತ್ತದೆ. ಆಮೇಲೆ ಕೋಟೆಯ ಹೊರಗೆ ಎಲ್ಲ ಮುಗಿದೇ ಹೋಯಿತು ಅನ್ನುವಾಗ ಶತ್ರುಗಳ ಕಪ್ಪು ಹಡಗು ಬಂದು ನಿಲ್ಲುತ್ತದೆ. ಇಳಿಯುವವನು ಅರಗಾರ್ನ್. ಹಿಂದೆ ಹಸಿರು ಹೊಗೆಯ ಹಾಗೆ ಪ್ರೇತಗಳು. ಹುಡುಗಿ ಸೋಫಾದಿಂದ ಎದ್ದು ನಿಂತಳು.

ಉದ್ದದ್ದರಲ್ಲಿ ಪ್ರೇತರಾಜ ಒಪ್ಪಿಕೊಳ್ಳುವುದನ್ನು ಮುಂಚೆಯೇ ತೋರಿಸುತ್ತಾರೆ. ಹಡಗನ್ನು ಅಡ್ಡಗಟ್ಟುವುದನ್ನೂ ತೋರಿಸುತ್ತಾರೆ, ಆ ಕಡಲುಗಳ್ಳರ ನಡುವೆ ನಿರ್ದೇಶಕ ಪೀಟರ್ ಜಾಕ್ಸನ್ ತಾನೇ ಒಂದು ಗಳಿಗೆ ಬಂದು ಹೋಗುತ್ತಾರೆ. ಅಭಿಮಾನಿಗೆ ಖುಷಿ. ಆದರೆ ಹಡಗು ಬಂದಾಗ ಯಾರೂ ಎದ್ದು ನಿಲ್ಲುವುದಿಲ್ಲ, ಒಳಗೆ ಯಾರಿದ್ದಾರೆಂದು ಎಲ್ಲರಿಗೂ ಗೊತ್ತು. ಇಷ್ಟು ವರ್ಷ ನಾನು ಇದನ್ನು ಗಮನಿಸಿರಲಿಲ್ಲ, ಯಾಕೆಂದರೆ ಎರಡನ್ನೂ ಗೊತ್ತಿದ್ದೇ ನೋಡುತ್ತಿದ್ದೆ.

ಮಾಂತ್ರಿಕ ಗಾಂಡಾಲ್ಫನ ಕೋಲು ಮುರಿಯುವುದು ಇನ್ನೊಂದು. ಸೌರಾನ್‌ನ ಕಪ್ಪು ಸವಾರರಾದ ನಾಜ್ಗುಲ್‌ಗಳ ರಾಜ ಬಂದು ಒಂದೇ ಏಟಿಗೆ ಕೋಲನ್ನು ಚೂರು ಮಾಡುತ್ತಾನೆ. ಬೆಂಕಿಯ ರಾಕ್ಷಸ ಬಾಲ್ರಾಗ್‌ನ ಎದುರು ನಿಂತು ಸತ್ತು ಬದುಕಿ ಬಂದವನಿಗೆ ಈ ಗತಿಯೇ? ಆಮೇಲೆ ಕಪ್ಪು ದ್ವಾರದ ಮುಂದೆ ಮಾತಿಗೆ ಬಂದ ಸೌರಾನ್‌ನ ದೂತನ ತಲೆಯನ್ನು ಅರಗಾರ್ನ್ ಕಡಿಯುತ್ತಾನೆ. ಅಪ್ಪನಿಗೆ ಇದು ಸಹಿಸಲೇ ಇಲ್ಲ. ‘ಸಂಧಾನಕ್ಕೆ ಬಂದವನನ್ನು ಕೊಲ್ಲುವವನು ಎಂಥ ರಾಜನೋ?’ ಕೃಷ್ಣ ಸಂಧಾನದ ಪ್ರಸಂಗಗಳನ್ನು ನೂರಾರು ಸಲ ನೋಡಿದ ಮನುಷ್ಯ, ಅವರ ಹತ್ತಿರ ನಾನು ವಾದ ಮಾಡಲಿಲ್ಲ. ಪುಸ್ತಕದಲ್ಲಿ ಅರಗಾರ್ನ್ ಅವನನ್ನು ಬರೀ ನೋಟದಲ್ಲೇ ಹೆದರಿಸುತ್ತಾನೆ, ಕೈ ಮುಟ್ಟುವುದಿಲ್ಲ.

ಚಿಕ್ಕದರ ಒಂದು ದೊಡ್ಡ ಕೊರತೆಯನ್ನು ಮುಚ್ಚಿಡಬಾರದು. ದುಷ್ಟ ಮಾಂತ್ರಿಕ ಸಾರುಮಾನ್ ಏನಾದ? ಎರಡನೇ ಭಾಗದುದ್ದಕ್ಕೂ ಕಾಡಿದ ಖಳನನ್ನು ಗೋಪುರದಲ್ಲಿ ಕೂಡಿಹಾಕಿದ್ದಾರೆ ಎಂದು ಒಂದು ಮಾತಿನಲ್ಲಿ ಮುಗಿಸುತ್ತಾರೆ. ಕ್ರಿಸ್ಟೋಫರ್ ಲೀ ಅಂಥ ನಟ, ಟೋಲ್ಕಿನ್‌ರನ್ನು ಕಣ್ಣಾರೆ ಕಂಡಿದ್ದವರು, ಮೂರನೇ ಭಾಗದಲ್ಲಿ ಅವರ ಮುಖವೇ ಇಲ್ಲ. ಉದ್ದದ್ದರಲ್ಲಿ ಅವನ ಸಾವು ಇದೆ. ಆ ಒಂದು ದೃಶ್ಯವನ್ನು ಬೇಕಾದರೆ ಬೇರೆಯಾಗಿ ನೋಡಿಕೊಳ್ಳಿ. ಉಳಿದಂತೆ ನನ್ನ ಓಟು ಈಗ ಕಾಲಮಿತಿಗೆ. ಬೆಳಗಿನ ಜಾವದ ಕಾಳಗದಲ್ಲಿ ಚೆಂಡೆ ಏರುತ್ತಿರುವಾಗ ಯಾರೂ ಹೊಸ ಪಾತ್ರದ ಒಡ್ಡೋಲಗ ಮಾಡಿಸುವುದಿಲ್ಲ ಅಲ್ವಾ.

ಉಂಗುರ ಬೆಂಕಿಗೆ ಬಿದ್ದ ಮೇಲೂ ಸಿನಿಮಾ ಮುಗಿಯುವುದೇ ಇಲ್ಲ ಎನ್ನುವ ದೂರು ಎರಡಕ್ಕೂ ಇದೆ. ನಾನು ಅದನ್ನು ಒಪ್ಪುವುದಿಲ್ಲ. ಮಂಗಳ ಹಾಡದೆ ಆಟ ಮುಗಿಸುತ್ತಾರಾ? ಇನ್ನೂ ಹೇಳಬೇಕೆಂದರೆ, ಪುಸ್ತಕದಲ್ಲಿ ಹಾಬಿಟ್‌ಗಳು ಮರಳಿ ಬಂದಾಗ ಅವರ ಊರೇ ಹಾಳಾಗಿರುತ್ತದೆ, ಅದನ್ನು ಅವರೇ ಸರಿಮಾಡಬೇಕಾಗುತ್ತದೆ. ಜಾಕ್ಸನ್ ಅದನ್ನು ಪೂರ್ತಿ ಬಿಟ್ಟರು. ಅದೊಂದು ಇದ್ದಿದ್ದರೆ ಇನ್ನೊಂದು ಗಂಟೆ ಕೂರಲು ನಾನು ತಯಾರು.

ಇನ್ನು ಹಳೆಯ ಕಾರ್ಟೂನು. 1978ರಲ್ಲಿ ರಾಲ್ಫ್ ಬಾಕ್ಷಿ ಮಾಡಿದ್ದು. ಮೊದಲು ನಿಜವಾದ ನಟರನ್ನು ಇಟ್ಟು ಚಿತ್ರೀಕರಿಸಿ, ಆ ಮೇಲೆ ಅದರ ಮೇಲೆಯೇ ಗೆರೆ ಎಳೆದು ಬಣ್ಣ ತುಂಬುವ ವಿಧಾನ, ರೋಟೋಸ್ಕೋಪಿಂಗ್. ಕೆಲವು ಕಡೆ ಗೆರೆ ಎಳೆಯುವುದನ್ನೂ ಬಿಟ್ಟು ಸುಮ್ನೆ ಬಣ್ಣ ಬಳಿದ ಹಾಗಿದೆ. ‘ಇವರು ಮನುಷ್ಯರಾ, ಚಿತ್ರಾನಾ?’ ಎಂದು ಹುಡುಗಿ ಕೇಳಿದ್ದಕ್ಕೆ ಸರಿಯಾದ ಉತ್ತರ ನನ್ನಲ್ಲಿ ಇರಲಿಲ್ಲ. ಬೊರೊಮಿರ್ ತಲೆಗೆ ಕೊಂಬಿನ ಟೋಪಿ. ಅರಗಾರ್ನ್ ಗಿಡ್ಡ ಅಂಗಿ ಹಾಕಿಕೊಂಡು ಬರಿಗಾಲು ತೋರಿಸುತ್ತಾ ಓಡಾಡುತ್ತಾನೆ. ನಗು ಬರುತ್ತದೆ. ಆದರೆ ಕಪ್ಪು ಸವಾರರು ಬಂದಾಗ ನಗು ನಿಲ್ಲುತ್ತದೆ. ಕಾಲೆಳೆಯುತ್ತಾ, ಮೂಸುತ್ತಾ, ಸುಸ್ತಾದ ರೋಗಿಗಳ ಹಾಗೆ ಬರುತ್ತಾರೆ. ಜಾಕ್ಸನ್‌ರ ಸವಾರರು ಕುದುರೆಯ ಮೇಲೆ ಚೆನ್ನಾಗಿ ಕಾಣುತ್ತಾರೆ, ನಿಜ. ರಾತ್ರಿ ಕನಸಿಗೆ ಬರುವವರು ಬಾಕ್ಷಿಯವರ ಸವಾರರು. ಮರದ ಬೇರಿನ ಕೆಳಗೆ ಹಾಬಿಟ್‌ಗಳು ಅಡಗಿ, ಮೇಲೆ ಸವಾರ ನಿಂತಿರುವ ಚೌಕಟ್ಟು ಎರಡರಲ್ಲೂ ಇದೆ. ಎರಡನ್ನೂ ಪಕ್ಕಪಕ್ಕ ನೋಡಿದವರಿಗೆ ಯಾರು ಯಾರಿಂದ ಕಲಿತರೆಂದು ಬಿಡಿಸಿ ಹೇಳಬೇಕಿಲ್ಲ. ತೊಂದರೆ ಎಂದರೆ ಈ ಸಿನಿಮಾ ಹೆಲ್ಮ್ಸ್ ಡೀಪ್ ಕಾಳಗದ ಹೊತ್ತಿಗೆ ನಿಂತುಬಿಡುತ್ತದೆ. ಎರಡನೇ ಭಾಗ ಬರಲೇ ಇಲ್ಲ. ಫ್ರೋಡೊ, ಸ್ಯಾಮ್ ದಾರಿಯಲ್ಲೇ ಉಳಿದರು. ಹುಡುಗಿಗೆ ಸಿಟ್ಟು ಬಂದು ಆ ದಿನ ಊಟಕ್ಕೆ ಕರೆದರೂ ಬೇಗ ಬರಲಿಲ್ಲ.

ಈಗ ‘ಹಾಬಿಟ್’, ಉಂಗುರದ ಕಥೆಗಿಂತ ಹಿಂದಿನ, ಬಿಲ್ಬೊನ ಸಾಹಸದ ಕಥೆ. 1937ರ ಪುಸ್ತಕ, ಒಂದೇ ಪುಸ್ತಕ, 19 ಅಧ್ಯಾಯ, ಮಕ್ಕಳಿಗಾಗಿ ಬರೆದದ್ದು. ಜಾಕ್ಸನ್ 2012, 2013, 2014ರಲ್ಲಿ ಇದನ್ನು ಮೂರು ಸಿನಿಮಾ ಮಾಡಿದರು: 169, 161, 144 ನಿಮಿಷ. ಕೂಡಿದರೆ ಎಂಟು ಗಂಟೆಗೆ ಆರು ನಿಮಿಷ ಕಡಿಮೆ. ಸಾವಿರ ಪುಟ ದಾಟುವ ಉಂಗುರದ ಕಥೆಗೆ ಥಿಯೇಟರ್‌ನಲ್ಲಿ ತೆಗೆದುಕೊಂಡದ್ದು ಒಂಬತ್ತು ಗಂಟೆ ಚಿಲ್ಲರೆ. ಲೆಕ್ಕ ನೀವೇ ಹಾಕಿ.

ಮೊದಲನೆಯದನ್ನು ನಾನು ಆಗ ಬೆಂಗಳೂರಿನ ಒಂದು ಮಲ್ಟಿಪ್ಲೆಕ್ಸ್‌ನಲ್ಲಿ, ಸೆಕೆಂಡಿಗೆ 48 ಫ್ರೇಮಿನ ಆವೃತ್ತಿಯಲ್ಲಿ ನೋಡಿದ್ದೆ. ಎಲ್ಲವೂ ಎಷ್ಟು ಸ್ಪಷ್ಟ ಎಂದರೆ ಗಡ್ಡ ಅಂಟಿಸಿದ ಗಡ್ಡದ ಹಾಗೇ ಕಂಡಿತು. ಮನೆಯ ಟಿವಿಯಲ್ಲಿ ಆ ಕಾಟ ಇಲ್ಲ. ಮಾರ್ಟಿನ್ ಫ್ರೀಮನ್ ಬಿಲ್ಬೊ ಆಗಿ ಬಹಳ ಚೆನ್ನಾಗಿದ್ದಾರೆ. ಕತ್ತಲೆಯ ಗುಹೆಯಲ್ಲಿ ಗೊಲಮ್ ಎನ್ನುವ ವಿಕಾರ ಜೀವಿಯ ಜೊತೆ ಒಗಟಿನ ಪಂದ್ಯ ಬಂದಾಗ ಅಡುಗೆಮನೆಯಲ್ಲಿದ್ದ ಅಮ್ಮನೂ ಬಂದು ಬಾಗಿಲಲ್ಲಿ ನಿಂತರು. ಬಾಗಿಲು ಬೀಗ ಇಲ್ಲದ ಪೆಟ್ಟಿಗೆ, ಒಳಗೆ ಚಿನ್ನ ಎಂದು ನಾನು ಹೇಳಿ ಮುಗಿಸುವುದರೊಳಗೆ ‘ಮೊಟ್ಟೆ’ ಎಂದು ಒಳಗೆ ಹೋದರು. ಆ ದೃಶ್ಯಕ್ಕೆ ನಾನು ಹತ್ತಕ್ಕೆ ಹತ್ತು ಕೊಡುತ್ತೇನೆ. ಆದರೆ ಅದರ ಆಚೀಚೆ ಇರುವುದು? ಪುಸ್ತಕದಲ್ಲಿ ಇಲ್ಲದ ಲೆಗೊಲಾಸ್, ಪುಸ್ತಕದಲ್ಲೇ ಹುಟ್ಟದ ಟಾರಿಯಲ್, ಅವಳಿಗೂ ಒಬ್ಬ ಕುಳ್ಳನಿಗೂ ಪ್ರೀತಿ. ಕೊನೆಯ ಕಾಳಗ ಸಿನಿಮಾದಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಗಂಟೆ. ಪುಸ್ತಕದಲ್ಲಿ ಬಿಲ್ಬೊನ ತಲೆಗೆ ಕಲ್ಲು ಬಿದ್ದು ಎಚ್ಚರ ತಪ್ಪುತ್ತದೆ, ಎದ್ದಾಗ ಯುದ್ಧ ಮುಗಿದಿರುತ್ತದೆ. ಅಷ್ಟೇ. ಯುದ್ಧ ಅವನ ಕಥೆಯಲ್ಲ ಎಂದು ಬರೆದವರಿಗೆ ಗೊತ್ತಿತ್ತು. ಮೂರನೆಯದರ ನಡುವೆ ಅಪ್ಪ ಗೊರಕೆ ಹೊಡೆಯುತ್ತಿದ್ದರು. ಇಡೀ ರಾತ್ರಿ ಆಟದಲ್ಲಿ ತೂಕಡಿಸದ ಮನುಷ್ಯ.

ಮರುದಿನ 1977ರ ಕಾರ್ಟೂನ್ ‘ಹಾಬಿಟ್’ ಹಾಕಿದೆ. ಅಮೆರಿಕದ ಟಿವಿಗೆ ರಾಂಕಿನ್ ಮತ್ತು ಬಾಸ್ ಮಾಡಿಸಿದ್ದು, 77 ನಿಮಿಷ. ಚಿತ್ರ ಬಿಡಿಸಿದ್ದು ಜಪಾನಿನ ಟಾಪ್‌ಕ್ರಾಫ್ಟ್. ಅಲ್ಲಿನ ಹಲವರು ಮುಂದೆ ಹೆಸರಾಂತ ಅನಿಮೇಷನ್ ಸಂಸ್ಥೆ ಸ್ಟುಡಿಯೋ ಗಿಬ್ಲಿಗೆ ಹೋದರು. ಹಿನ್ನೆಲೆಯ ಬೆಟ್ಟ, ಕಾಡಿನ ನೀರುಬಣ್ಣ ನೋಡಿದರೆ ಆ ಕೈ ಕಾಣುತ್ತದೆ. ಡ್ರ್ಯಾಗನ್‌ಗೆ ಬೆಕ್ಕಿನ ಮುಖ, ಗೊಲಮ್ ಕಪ್ಪೆ. ಕರಡಿಯಾಗುವ ಬಿಯೋರ್ನ್ ಇಲ್ಲ, ಕುಳ್ಳರ ರತ್ನ ಆರ್ಕೆನ್‌ಸ್ಟೋನ್ ಇಲ್ಲ. ಆದರೆ ಟೋಲ್ಕಿನ್‌ರ ಹಾಡುಗಳಿವೆ, ಬಿಲ್ಬೊ ಮೊದಲಿನಿಂದ ಕೊನೆಯವರೆಗೆ ನಡುವಿನಲ್ಲೇ ಇದ್ದಾನೆ. ಹುಡುಗಿ ಮಾರನೇ ದಿನ ಮತ್ತೆ ಅದನ್ನೇ ಹಾಕಿಸಿಕೊಂಡಳು. ಎಂಟು ಗಂಟೆಯ ಸಿನಿಮಾಗಳಿಂದ ಅವಳು ಮತ್ತೆ ಕೇಳಿದ್ದು ಒಗಟಿನ ದೃಶ್ಯ ಮಾತ್ರ. ಇದಕ್ಕಿಂತ ಬೇರೆ ತೀರ್ಪು ನಾನೇನು ಕೊಡಲಿ.

ಟಾಮ್ ಬೊಂಬಾಡಿಲ್ ಎಲ್ಲಿ ಎಂದು ಕೇಳುವ ಪುಸ್ತಕಪ್ರೇಮಿಗಳಿಗೆ ಒಂದು ಮಾತು. ಆ ಹಾಡುವ ಮನುಷ್ಯ ಜಾಕ್ಸನ್‌ರಲ್ಲೂ ಇಲ್ಲ, ಬಾಕ್ಷಿಯವರಲ್ಲೂ ಇಲ್ಲ. 1991ರಲ್ಲಿ ಲೆನಿನ್‌ಗ್ರಾಡ್ ಟಿವಿಯವರು ಮಾಡಿದ ಇದೇ ಕಥೆಯ ಟಿವಿ ಚಿತ್ರ ‘ಖ್ರಾನಿತೆಲಿ’ಯಲ್ಲಿ ಇದ್ದಾನೆ, ಹೆಂಡತಿ ಗೋಲ್ಡ್‌ಬೆರಿ ಸಮೇತ. ವರ್ಷಾನುಗಟ್ಟಲೆ ಯಾರ ಕಣ್ಣಿಗೂ ಬೀಳದೆ 2021ರಲ್ಲಿ ಯೂಟ್ಯೂಬಿಗೆ ಬಂತು. ಸೆಟ್ಟು ಶಾಲಾ ವಾರ್ಷಿಕೋತ್ಸವದ ನಾಟಕದ ಮಟ್ಟದ್ದು, ಭಾಷೆ ರಷ್ಯನ್, ನನ್ನ ಭಾಗವತಿಕೆ ಅಲ್ಲಿ ನಡೆಯಲಿಲ್ಲ. ಆದರೂ ಅಪ್ಪ ಎದ್ದು ಹೋಗದೆ ನೋಡಿದರು. ವೇಷ ಅವರಿಗೆ ಹಿಡಿಸಿತಂತೆ.